ನಲವತ್ತೊಂಬತ್ತು ಬಿಲ್ಲೆಗಳ ಬಾಗಿಲು

ಬಾಗಿಲುಗಳೇ ಪ್ರಶ್ನೆ ಕೇಳುವ ಒಂದು ಊರಿತ್ತು. ಎಲ್ಲಿತ್ತು ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದವಳಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಮನೆಯಿಂದ ಹೊರಗೆ ಬರಬೇಕಾದರೆ ನಿಮ್ಮ ಮನೆಯ ಬಾಗಿಲಿಗೇ ನೀವು ಉತ್ತರ ಹೇಳಬೇಕು.

ಮೊದಲೇನೂ ಹಾಗಿರಲಿಲ್ಲ. ಎಲ್ಲ ಊರಿನ ಹಾಗೆ ಅಲ್ಲೂ ಬಾಗಿಲಿಗೊಂದು ಚಿಲಕ ಇತ್ತು, ತೆಗೆದರೆ ಬೀದಿ. ಆಮೇಲೆ ಯಾರೋ ಹೇಳಿದರು, ಊರೊಳಗೆ ನೆರಳುಗಳು ಸೇರಿಕೊಂಡಿವೆ, ಮನುಷ್ಯರ ಹಾಗೇ ನಡೆಯುತ್ತವೆ, ಮನುಷ್ಯರ ಹಾಗೇ ಸರದಿಯಲ್ಲಿ ನಿಲ್ಲುತ್ತವೆ, ಮನುಷ್ಯರ ಪಾಲನ್ನು ತಿಂದುಹಾಕುತ್ತವೆ ಅಂತ. ಕಂಡವರು ಒಬ್ಬರೂ ಇಲ್ಲ, ಹೇಳದವರು ಒಬ್ಬರೂ ಇಲ್ಲ. ಚಾವಡಿಯ ಹಿರಿಯರು ಮೂರು ದಿನ ಕೂತು ಯೋಚಿಸಿದರು. ನೆರಳಿಗೆ ಕಣ್ಣಿಲ್ಲ, ಮನುಷ್ಯನಿಗೆ ಕಣ್ಣಿದೆ, ಹಾಗಾದರೆ ಬಾಗಿಲು ಕಣ್ಣನ್ನೇ ಪರೀಕ್ಷೆ ಮಾಡಲಿ ಅಂದರು.

ಹೊಸ ಬಾಗಿಲು ಬಂತು. ಅದರ ಒಳಮೈ ತುಂಬ ಅಂಗೈಯಗಲದ ಮಣ್ಣಿನ ಬಿಲ್ಲೆಗಳು, ನಲವತ್ತೊಂಬತ್ತು. ಒಂದರ ಮೇಲೆ ಮೀನು, ಒಂದರ ಮೇಲೆ ಕೊಡ, ಒಂದರ ಮೇಲೆ ಬಾಚಣಿಗೆ, ಹೀಗೆ ಒಂದೊಂದಕ್ಕೆ ಒಂದೊಂದು ಚಿತ್ರ. ಬಿಲ್ಲೆಗಳ ಮೇಲೆ, ಬಾಗಿಲಿನ ಹಣೆಯಲ್ಲಿ ಮೂರು ಚಿತ್ರ. ಬೆಳಗಾಗುತ್ತಲೇ ಎಲ್ಲ ಬಿಲ್ಲೆಗಳೂ ಕಟಕಟ ಅಂತ ತಾವಾಗಿಯೇ ಜಾಗ ಬದಲಿಸುತ್ತವೆ. ಹಣೆಯಲ್ಲಿ ಏನಿದೆಯೋ ಅದೇ ಮೂರನ್ನು ಕೆಳಗೆ ಹುಡುಕಿ, ಅದೇ ಕ್ರಮದಲ್ಲಿ ಒತ್ತಬೇಕು. ಹೊರಗಡೆಯ ಗೂಡಿನಲ್ಲಿ ಬೀದಿಯವರು ಒಂದು ಊದುಬತ್ತಿ ಹಚ್ಚಿಡುತ್ತಾರೆ. ಬತ್ತಿ ಆರುವುದರೊಳಗೆ ಒತ್ತಿದರೆ ಬಾಗಿಲು ತೆರೆಯುತ್ತದೆ. ತಪ್ಪಿದರೆ, ತಡವಾದರೆ, ಬಾಗಿಲು ಮಾರನೆಯ ಬೆಳಗಿನವರೆಗೆ ಮಲಗಿಬಿಡುತ್ತದೆ. ಹೊರಗಿನಿಂದ ಎಷ್ಟು ತಳ್ಳಿದರೂ ಅಲುಗುವುದಿಲ್ಲ. ಒಂದು ಬಾಗಿಲು ಒಡೆದರೆ ಆ ಬೀದಿಯ ಬಾಗಿಲುಗಳೆಲ್ಲ ವರ್ಷಪೂರ್ತಿ ಮಲಗುತ್ತವೆ. ನಲವತ್ತು ದಿನ ಒಳಗಿನಿಂದ ತೆರೆಯದ ಬಾಗಿಲಿದ್ದರೆ ಆ ಮನೆಯಲ್ಲಿ ಯಾರೂ ಇಲ್ಲ ಎಂದೇ ಅರ್ಥ. ಇಟ್ಟಿಗೆ ಕಟ್ಟಿ, ಗಾರೆ ಬಳಿದು, ಸುಣ್ಣ ಹೊಡೆದುಬಿಡುತ್ತಾರೆ.

ನೆರಳುಗಳ ಕಥೆ ಏನಾಯಿತು ಅಂತೀರಾ? ಅವಕ್ಕೇನು, ಬಾಗಿಲ ಸಂದಿಯಲ್ಲಿ ನುಸುಳಿ ಆರಾಮಾಗಿ ಓಡಾಡಿಕೊಂಡಿದ್ದವು.

ಬಾಗಿಲು ಕೂರಿಸುವವರು ಮೇಲುಬೀದಿಯಿಂದ ಶುರು ಮಾಡಿ, ನಡುಬೀದಿ ಮುಗಿಸಿ, ಕೆಳಬೀದಿಗೆ ಕೊನೆಯಲ್ಲಿ ಬಂದರು. ಕೆಳಬೀದಿಯ ತುದಿಮನೆಯಲ್ಲಿ ಸೂಲಗಿತ್ತಿ ಇದ್ದಳು. ಹುಟ್ಟುತ್ತಲೇ ಅವಳಿಗೆ ಕಣ್ಣಿರಲಿಲ್ಲ. ಅದರಿಂದ ಯಾರಿಗೂ ಏನೂ ಕೊರತೆಯಾಗಿರಲಿಲ್ಲ, ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು. ಕೂಸು ಅಡ್ಡ ತಿರುಗಿದೆಯಾ, ತಲೆ ಇಳಿದಿದೆಯಾ ಅಂತ ಅವಳ ಬೆರಳಿಗೆ ಗೊತ್ತಾಗುತ್ತಿದ್ದದ್ದು ಬೇರೆಯವರ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಬಾಗಿಲು ಕೂರಿಸಿದ ದಿನ ಅವಳು ರಾಗಿ ಬೀಸುತ್ತ ಕೂತಿದ್ದಳು. ಕೆಲಸದವರು ಹೋದ ಮೇಲೆ ಎದ್ದು ಚಿಲಕಕ್ಕೆ ಕೈ ಹಾಕಿದಳು. ಚಿಲಕವಿಲ್ಲ. ಅತ್ತ ಸವರಿದಳು, ಇತ್ತ ಸವರಿದಳು. ಎಲ್ಲ ನುಣ್ಣಗೆ, ಎಲ್ಲ ಒಂದೇ ಸಮ.

ಒಂದನ್ನು ಒತ್ತಿದಳು. ಬಾಗಿಲು ಮಲಗಿತು.

ಮಾರನೆಯ ದಿನ ಒತ್ತಿದಳು. ಬಾಗಿಲು ಮಲಗಿತು.

ಬಾಗಿಲ ಪಕ್ಕದ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಗವಾಕ್ಷಿ ಇತ್ತು. ಅದರಲ್ಲಿ ಎದುರುಮನೆಯವಳು ಮುದ್ದೆ, ಸಾರು, ನೀರು ತೂರಿಸುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ, ಅಂಥವಳು.

"ಅವ್ವಾ, ಇವತ್ತು ಏನನ್ನ ಒತ್ತಿದ್ರಿ?"

"ನಂಗೇನು ಗೊತ್ತೇ ತಾಯಿ? ತಣ್ಣಗೆ ಒಂದು ಬಿಲ್ಲೆ ಇತ್ತು, ಅದನ್ನ ಒತ್ತಿದೆ."

"ನಾನು ಇಣುಕಿ ಹೇಳೋಣ ಅಂದ್ರೆ ಈ ಹಾಳು ಕಿಂಡೀಲಿ ನಿಮ್ಮ ಒಲೆ ಕಾಣುತ್ತೆ, ಬಾಗಿಲು ಕಾಣಲ್ಲ."

"ಒಲೆ ಉರೀತಿದೆಯಾ ನೋಡಿ ಹೇಳು. ಅಷ್ಟಾದ್ರೂ ಉಪಯೋಗ ಆಗ್ಲಿ."

ಹಾಗೆ ಹನ್ನೊಂದು ದಿನ ನಗುನಗುತ್ತಲೇ ಕಳೆದರು. ಹನ್ನೆರಡನೆಯ ದಿನ ಎದುರುಮನೆಯವಳಿಗೆ ನಗು ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಚಾವಡಿಗೆ ಹೋದಳು. "ನಮ್ಮ ಸೂಲಗಿತ್ತಿ ಒಳಗೇ ಉಳಿದುಬಿಟ್ಟವ್ಳೆ ಸ್ವಾಮಿ, ಬಾಗಿಲು ಚಿತ್ರ ಕೇಳುತ್ತೆ, ಅವಳಿಗೆ ಕಣ್ಣಿಲ್ಲ" ಅಂದಳು.

ಹಿರಿಯರು ಕೆಟ್ಟವರೇನಲ್ಲ. ಅಯ್ಯೋ ಪಾಪ ಅಂದರು. ಆ ಊರಿನ ಹೆಂಗಸರಲ್ಲಿ ಒಂದು ಬೊಟ್ಟುಗುರುತಿನ ರೂಢಿ ಇತ್ತು. ಅಡುಗೆಮನೆಯ ಕತ್ತಲಲ್ಲಿ ಕೈಗೆ ತಿಳಿಯಲಿ ಅಂತ ಮಡಕೆ ಹಸಿಯಿರುವಾಗಲೇ ಕಂಠಕ್ಕೆ ಗುರುತು ಒತ್ತುತ್ತಿದ್ದರು. ಒಂದು ಬೊಟ್ಟಾದರೆ ಉಪ್ಪು, ಎರಡು ಬೊಟ್ಟಿಗೆ ಒಂದು ಗೆರೆಯಾದರೆ ಹುಣಸೆ, ಹೀಗೆ ನೂರಾರು. ಹಿರಿಯರು ಅದನ್ನು ನೆನೆದು ಆಜ್ಞೆ ಬರೆಸಿದರು: "ಪ್ರತಿ ಬಿಲ್ಲೆಯ ಚಿತ್ರದ ಕೆಳಗೆ, ಅದು ಏನೆಂದು ಕೈಗೆ ತಿಳಿಯುವಂತೆ ಒಂದು ಗುರುತು ಒತ್ತತಕ್ಕದ್ದು."

ಎದುರುಮನೆಯವಳು ಓಡಿಬಂದು ಹೇಳಿದಾಗ ಸೂಲಗಿತ್ತಿ ಒಳಗಿನಿಂದಲೇ ಹಾಡು ಹೇಳಿಕೊಂಡಳಂತೆ.

ಬಿಲ್ಲೆ ಸುಡುವ ಭಟ್ಟಿಯಲ್ಲಿ ಗುರುತು ಒತ್ತುವ ಕೆಲಸ ಮುದ್ರೆಯವನದು. ಚುರುಕು ಆಳು. ಆಜ್ಞೆಯನ್ನು ಒಂದು ಸಲ ಓದಿದ, ಎರಡು ಸಲ ಓದಿದ. ಊರಿಗೆಲ್ಲ ಸೇರಿ ಬಿಲ್ಲೆ ಹತ್ತು ಸಾವಿರ. ಬಿಲ್ಲೆಯ ಮೇಲಿರುವುದು ಏನು? ಚಿತ್ರ. ಈ ಬಿಲ್ಲೆಯ ಮೇಲೆ? ಚಿತ್ರ. ಆ ಬಿಲ್ಲೆಯ ಮೇಲೆ? ಅದೂ ಚಿತ್ರ. ಚಿತ್ರಕ್ಕೂ ಒಂದು ಬೊಟ್ಟುಗುರುತು ಇತ್ತು, ಸುತ್ತ ಒಂದು ಗೆರೆ, ನಡುವೆ ಒಂದು ಬೊಟ್ಟು. ಒಂದೇ ಒಂದು ಮುದ್ರೆ ಕೆತ್ತಿಕೊಂಡ. ಎಂಟು ದಿನದಲ್ಲಿ ಹತ್ತು ಸಾವಿರ ಬಿಲ್ಲೆಗೂ ಒತ್ತಿ ಮುಗಿಸಿದ. ಬಾಗಿಲ ತಲೆಯ ಮೇಲೆ ಹೊರಗಿನಿಂದ ಒಂದು ಬೀಗದ ಗೂಡು, ಬಿಲ್ಲೆ ಬದಲಿಸುವುದಕ್ಕೆಂದೇ ಇಟ್ಟದ್ದು. ಹಳೆಯದನ್ನು ತೆಗೆದು ಹೊಸದನ್ನು ಇಳಿಬಿಟ್ಟ. ಯಾವುದು ಎಲ್ಲಿ ಕೂರಬೇಕು ಅನ್ನುವುದು ಬಾಗಿಲಿನ ಇಷ್ಟ.

ಬೆಳಗಾಯಿತು. ಕಟಕಟ ಅಂತ ಸದ್ದಾಯಿತು. ಸೂಲಗಿತ್ತಿ ಮಿಂದು, ತಲೆ ಬಾಚಿ, ಮಣೆಯ ಮೇಲೆ ನಿಂತು ಬಾಗಿಲ ಹಣೆಗೆ ಕೈ ಇಟ್ಟಳು. ಬೆರಳಿಗೆ ಗುರುತು ಸಿಕ್ಕಿತು.

ಚಿತ್ರ, ಅಂದಿತು ಮೊದಲನೆಯದು.

ಚಿತ್ರ, ಅಂದಿತು ಎರಡನೆಯದು.

ಚಿತ್ರ, ಅಂದಿತು ಮೂರನೆಯದು.

ಕೆಳಗೆ ಇಳಿದಳು. ಚಿತ್ರ. ಚಿತ್ರ. ಚಿತ್ರ. ನಲವತ್ತೊಂಬತ್ತು ಸಲ ಚಿತ್ರ. ಹೊರಗೆ ಊದುಬತ್ತಿ ಆರಿತು. ಬಾಗಿಲು ಮಲಗಿತು. ಅವಳು ಮಣೆಯ ಮೇಲೆ ಕೂತಳು.

ಇಪ್ಪತ್ತೈದನೆಯ ದಿನ ಎಣಿಸುವವನು ಬಂದ. ಊರಲ್ಲಿ ಆದ ಕೆಲಸವನ್ನೆಲ್ಲ ಎಣಿಸಿ ಸರಿಯೋ ತಪ್ಪೋ ಹೇಳುವವನು ಅವನು. ಕೈಯಲ್ಲಿ ಒಂದು ಹಲಗೆ, ಬಳಪ. ಗವಾಕ್ಷಿಗೆ ಬಾಯಿಟ್ಟು ಕೇಳಿದ.

"ಎಷ್ಟು ಬಿಲ್ಲೆ ಇದೆಯಮ್ಮ?"

"ನಲವತ್ತೊಂಬತ್ತು ಸ್ವಾಮಿ. ಮೇಲೆ ಮೂರು."

"ಪ್ರತಿಯೊಂದರ ಕೆಳಗೂ ಗುರುತಿದೆಯಾ?"

"ಇದೆ."

"ಒಂದೂ ಬಿಟ್ಟಿಲ್ಲ?"

"ಒಂದೂ ಬಿಟ್ಟಿಲ್ಲ. ಆದ್ರೆ ಸ್ವಾಮಿ..."

"ಆದ್ರೆ ಅನ್ನೋದಕ್ಕೆ ಈ ಹಲಗೆಯಲ್ಲಿ ಜಾಗ ಇಲ್ಲಮ್ಮ. ಇದೆ, ಇಲ್ಲ, ಎರಡೇ ಮನೆ."

"ಹಂಗಾದ್ರೆ ನಿಮ್ಮ ಹಲಗೆಗೂ ನನ್ನ ಬಾಗಿಲಿಗೂ ಒಳ್ಳೆ ಜೋಡಿ, ಮದುವೆ ಮಾಡಿಬಿಡಿ," ಅಂದಳು ಸೂಲಗಿತ್ತಿ.

ಅವನು ನಗಲಿಲ್ಲ. 'ಇದೆ' ಅನ್ನುವ ಮನೆಯಲ್ಲಿ ಗೀಟು ಎಳೆದ. ಚೀಲದಿಂದ ಒಂದು ಚಂದದ ಫಲಕ ತೆಗೆದು ಬಾಗಿಲ ಹೊರಮೈಗೆ ಮೊಳೆ ಹೊಡೆದ. ಎದುರುಮನೆಯವಳು ಓದಿ ಹೇಳಿದಳು: "ಈ ಬಾಗಿಲು ಎಲ್ಲರಿಗೂ ತೆರೆದಿದೆ."

ಅಲ್ಲಿಯವರೆಗೆ ಬೀದಿಯ ಜನಕ್ಕೆ ಒಂದಿಷ್ಟು ಮರುಕವಾದರೂ ಇತ್ತು. ಫಲಕ ಬಂದ ಮೇಲೆ ಅದೂ ತೆಳ್ಳಗಾಯಿತು. ಅವಳಿಗಾಗಿ ಎಲ್ಲ ಮಾಡಿದ್ದಾಯಿತಲ್ಲ ಅಂದರು. ಬಾಗಿಲು ತೆರೆದೇ ಇದೆಯಲ್ಲ, ಬರುವ ಮನಸ್ಸಿದ್ದರೆ ಬರುತ್ತಿದ್ದಳು ಅಂದರು. ಇನ್ನೊಬ್ಬ ದನಿ ತಗ್ಗಿಸಿ, ಯಾರಿಗೆ ಗೊತ್ತು, ನೆರಳೇ ಇರಬಹುದು ಅಂದ. ಅಂದವನನ್ನು ಎತ್ತಿ ಬೆನ್ನು ತಟ್ಟಿ ಮೊದಲ ಉಸಿರು ತರಿಸಿದವಳು ಅವಳೇ. ಎದುರುಮನೆಯವಳು ಮತ್ತೆ ಚಾವಡಿಗೆ ಹೋದಳು. "ಆದ ಕೆಲಸಕ್ಕೆ ಎರಡನೆಯ ಆಜ್ಞೆ ಇಲ್ಲ" ಅಂದು ಕಳಿಸಿದರು.

ಮೂವತ್ತಮೂರನೆಯ ದಿನ ಗಾರೆಯವನು ಬಂದ. ಅವರ ಪದ್ಧತಿ ಹಾಗೆ, ದಿನಕ್ಕೊಂದು ವರಸೆ ಗೇಣೆತ್ತರದ ಇಟ್ಟಿಗೆ, ಹೊಸ್ತಿಲಿಂದ ಮೇಲಕ್ಕೆ. ನಲವತ್ತನೆಯ ದಿನ ಸೂರ್ಯ ಮುಳುಗುವಾಗ ಉಳಿದದ್ದನ್ನೆಲ್ಲ ಒಟ್ಟಿಗೆ ಮುಚ್ಚುವುದು. ಕೊನೆಯ ಎಂಟು ದಿನ ಊದುಬತ್ತಿ ಹಚ್ಚುವ ಕೆಲಸವೂ ಅವನದೇ. ಒಳ್ಳೆಯವನು, ಕೆಲಸ ಮಾಡುತ್ತ ಮಾತಾಡುತ್ತಿದ್ದ.

"ಅವ್ವಾ, ಸದ್ದು ಜಾಸ್ತಿ ಆಯ್ತಾ? ನಿಧಾನಕ್ಕೆ ಇಡ್ತೀನಿ."

"ಏನು ಮಾಡ್ತಿದ್ದೀಯೋ ಮಗ?"

"ಮೊದಲನೇ ವರಸೆ. ಬೇಜಾರು ಮಾಡ್ಕೋಬೇಡಿ, ನೀವಿಲ್ಲ ಅಂತ ನಂಗೂ ಸಂಕಟಾನೇ."

"ಇಲ್ಲದವಳ ಹತ್ರ ಯಾಕೋ ಮಾತಾಡ್ತಿದ್ದೀಯ?"

ಅವನು ಇನ್ನೊಂದು ಇಟ್ಟಿಗೆಗೆ ಗಾರೆ ಮೆತ್ತಿದ. "ಅಭ್ಯಾಸ ಅವ್ವ," ಅಂದ. "ಚಿಕ್ಕವನಿಂದ ಮಾತಾಡಿದೀನಲ್ಲ."

ಒಂದು ವರಸೆ. ಎರಡು ವರಸೆ. ಬಾಗಿಲ ಕೆಳಗಿನ ಸಂದಿಯಿಂದ ಅವಳ ಕಾಲಿಗೆ ತಾಗುತ್ತಿದ್ದ ಬೀದಿಯ ಗಾಳಿ ನಿಂತಿತು. ಮೂರು ವರಸೆ. ನಾಲ್ಕು. ಬೀದಿಯ ಸದ್ದು ದೂರವಾಯಿತು, ಕಿವಿಗೆ ಹತ್ತಿ ಇಟ್ಟಂತಾಯಿತು. ನನ್ನ ಕೈಗೆ ಬಂದ ಮಕ್ಕಳನ್ನೆಲ್ಲ ಹೊರಗೆ ತಂದೆ, ನನ್ನನ್ನು ನಾನು ತಂದುಕೊಳ್ಳಲಿಕ್ಕೆ ಆಗಲಿಲ್ಲವಲ್ಲ ಅಂತ ಅವಳು ಒಬ್ಬಳೇ ಗೋಡೆಗೆ ಹೇಳಿಕೊಂಡಳು. ಗೋಡೆ ಏನು ಹೇಳೀತು.

ಮೂವತ್ತೇಳನೆಯ ದಿನ ಎದುರುಮನೆಯವಳಿಗೆ ಹೇಳಿ ಮುದ್ರೆಯವನನ್ನು ಕರೆಸಿದಳು. ಅವನು ಜಂಬದಿಂದಲೇ ಬಂದ.

"ಹೇಗಿದೆ ಅವ್ವ ನನ್ನ ಕೆಲಸ? ಒಂದೂ ತಪ್ಪಿಲ್ಲ ಅಂತ ಎಣಿಸೋರೇ ಹೇಳಿದಾರೆ."

"ಭಾಳ ಚೆನ್ನಾಗಿದೆ ಕಣೋ, ಒಂದು ಗುರುತೂ ಸೊಟ್ಟ ಇಲ್ಲ. ನೀನು ಯಾರ ಮಗ? ಕುಂಬಾರಗಟ್ಟೆ ಹತ್ರ ಮನೆಯಿತ್ತಲ್ಲ, ಆ ಉದ್ದನೆಯವನ ಮಗನಾ?"

"ಹೂನವ್ವ."

"ನೀನು ಹುಟ್ಟಿದ ದಿನ ನಿಮ್ಮಪ್ಪ ಎಲ್ಲಿದ್ದ ಗೊತ್ತಾ? ಹೊರಗೆ, ಜಗಲಿ ಮೇಲೆ. ಗಂಡಸರು ಒಳಗೆ ಬರೋ ಹಾಗಿಲ್ಲ, ಬಾಗಿಲು ಮುಚ್ಚಿತ್ತು. ಅವನಿಗೆ ಏನೂ ಕಾಣ್ತಿರ್ಲಿಲ್ಲ. ಎಷ್ಟು ಸಲ ಬಾಗಿಲು ಬಡಿದ ಅಂತೀಯ. ಏನಾಯ್ತು ಏನಾಯ್ತು ಅಂತ ಒಂದೇ ಗೋಳು. ಆಗ ನಾನು ಬಾಗಿಲ ಹಿಂದೆ ನಿಂತು ಏನು ಹೇಳಿದೆ ಗೊತ್ತಾ?"

"ಏನು ಹೇಳಿದ್ರಿ?"

"ಕೂಸು ಅಂದೆ."

"ಆಮೇಲೆ?"

"ಅಷ್ಟೆ. ಕೂಸು. ಒಳಗೆ ಹೋದೆ."

ಮುದ್ರೆಯವನಿಗೆ ಸಿಟ್ಟೇ ಬಂತು. "ಅದೇನವ್ವ ಹಂಗಂದ್ರೆ? ಕೂಸು ಅಂತ ಅವರಿಗೆ ಗೊತ್ತಿರ್ಲಿಲ್ವಾ? ಗಂಡೋ ಹೆಣ್ಣೋ, ಉಸಿರಾಡ್ತಿದೆಯೋ ಇಲ್ವೋ, ನಮ್ಮವ್ವ ಹೇಗಿದಾಳೆ... ಹೊರಗೆ ನಿಂತೋರ ಜೀವ ಹೋಗ್ತಿರುತ್ತೆ, ನೀವು ಕೂಸು ಅಂತ..."

ಅಲ್ಲಿಗೆ ಅವನ ಬಾಯಿ ತಾನಾಗಿಯೇ ನಿಂತಿತು.

ಒಳಗಿನಿಂದ ಅವಳು ಮೆತ್ತಗೆ ಹೇಳಿದಳು. "ಹಂಗೆ ಹೇಳ್ಲಿಲ್ಲ ಕಣೋ ಮಗ, ಸುಮ್ಮನೆ ಅಂದೆ. ಗಂಡು ಮಗ, ಎಡಕಿವಿ ಮೇಲೆ ಒಂದು ಗಂಟು, ಕೋಪ ಮಾಡ್ಕೊಂಡು ಅಳ್ತಾ ಇದಾನೆ, ತಾಯಿ ನಗ್ತಾ ಇದಾಳೆ ಅಂದೆ. ನಿಮ್ಮಪ್ಪ ಹೊರಗೇ ನಿಂತು ನಿನ್ನನ್ನ ಪೂರ್ತಿ ನೋಡ್ಬಿಟ್ಟ. ಈಗ ನಾನು ಒಳಗೆ ನಿಂತಿದೀನಿ, ನೀನು ಹೊರಗಿದೀಯ. ನಿನ್ನ ಬಿಲ್ಲೇಲಿ ಏನಿದೆ ಅಂತ ಹೇಳು."

ಮುದ್ರೆಯವನು ಎಡಕಿವಿ ಮುಟ್ಟಿಕೊಂಡ. ನೆಟ್ಟಗೆ ಭಟ್ಟಿಯ ಕಡೆ ಹೊರಟ.

ಐವತ್ತೆರಡು ಬಿಲ್ಲೆಗೆ ಗುರುತು ಕೆತ್ತಬೇಕು, ಸುಡಬೇಕು. ಕೈಯಲ್ಲಿರುವುದು ಎರಡು ದಿನ. ಆಜ್ಞೆಯಿಲ್ಲದೆ ಭಟ್ಟಿ ಹಚ್ಚಿದ. ಮೀನಿಗೆ ಮೀನಿನ ಗುರುತು, ಕೊಡಕ್ಕೆ ಕೊಡದ್ದು. ಕೆಲವು ಚಿತ್ರಗಳ ಮುಂದೆ ಕೈ ನಿಂತುಬಿಟ್ಟಿತು, ಹತ್ತು ಸಾವಿರ ಬಿಲ್ಲೆ ಸುಟ್ಟರೂ ಅವುಗಳಲ್ಲಿ ಏನಿದೆ ಅಂತ ಅವನು ಒಂದು ದಿನವೂ ನೋಡಿರಲಿಲ್ಲ. ಒಂದರಲ್ಲಿ ಒಬ್ಬ ಹೆಂಗಸು ತೊಟ್ಟಿಲ ಮುಂದೆ ನಿಂತಿದ್ದಳು. ಹೆಂಗಸು ಅಂತ ಒತ್ತಲಾ, ತೊಟ್ಟಿಲು ಅಂತ ಒತ್ತಲಾ? ಬಹಳ ಹೊತ್ತು ಕೂತು, ಕೊನೆಗೆ 'ತೂಗುವವಳು' ಅಂತ ಒತ್ತಿದ.

ನಲವತ್ತನೆಯ ದಿನ ಬೆಳಗಾಗುವ ಮುಂಚೆ ಇನ್ನೂ ಬಿಸಿಯಿದ್ದ ಬಿಲ್ಲೆಗಳನ್ನು ತಂದು ಬಾಗಿಲ ತಲೆಯ ಗೂಡಿನಿಂದ ಇಳಿಬಿಟ್ಟ. ಕಟಕಟ ಅಂತ ಸದ್ದಾಯಿತು. ಹೊರಗೆ ಏಳು ವರಸೆ ಇಟ್ಟಿಗೆ ಎದೆಯ ಮಟ್ಟಕ್ಕೆ ಬಂದಿತ್ತು. ಗಾರೆಯವನು ಊದುಬತ್ತಿ ಹಚ್ಚಿ ಗೂಡಿನಲ್ಲಿಟ್ಟ.

ಅವಳು ಮಣೆ ಹತ್ತಿದಳು. ಹಣೆಯ ಮೇಲೆ ಬೆರಳಿಟ್ಟಳು. ಬಾಚಣಿಗೆ, ಅಂದಿತು ಮೊದಲನೆಯದು. ಎರಡನೆಯದು ಮೀನು. ಮೂರನೆಯದರ ಮೇಲೆ ಬೆರಳು ತಡೆಯಿತು, ಇನ್ನೊಂದು ಸಲ ಸವರಿದಳು. ತೂಗುವವಳು.

ಇಳಿದು ಹುಡುಕತೊಡಗಿದಳು. ಸವರಿದರೆ ಲೆಕ್ಕಕ್ಕಿಲ್ಲ, ಒತ್ತಿದರೇ ಉತ್ತರ. ಕೊಡ. ಕೊಡಲಿ. ಬಸವನಹುಳು. ಕಣ್ಣಿದ್ದವನು ನಲವತ್ತೊಂಬತ್ತನ್ನೂ ಒಂದೇ ನೋಟಕ್ಕೆ ಮುಗಿಸುತ್ತಾನೆ, ಬೆರಳು ಒಂದೊಂದನ್ನೇ ಮಾತಾಡಿಸಿಕೊಂಡು ಹೋಗಬೇಕು. ಊದುಬತ್ತಿಯ ಪರಿಮಳ ಗವಾಕ್ಷಿಯಿಂದ ಒಳಗೆ ಬರುತ್ತಿತ್ತು. ಬಾಚಣಿಗೆ ಸಿಕ್ಕಿತು, ಒತ್ತಿದಳು. ಛತ್ರಿ. ಕುಡುಗೋಲು. ಹದಿನಾರನೆಯದಕ್ಕೆ ಮೀನು, ಒತ್ತಿದಳು. ಬೀಸಣಿಗೆ. ಬಾವಿ. ಏಣಿ. ಪರಿಮಳ ಸಣ್ಣಗಾಗುತ್ತ ಬಂತು. ಇನ್ನು ಮೂರು ಸಾಲು ಇತ್ತು. ಬತ್ತಿಯ ತುದಿಯ ಬಿದಿರುಕಡ್ಡಿ ಸುಡುವ ವಾಸನೆ ಮೂಗಿಗೆ ಬಡಿದಾಗ ಅವಳಿಗೆ ಗೊತ್ತಾಯಿತು, ಮುಗಿಯಿತು ಅಂತ. ಆದರೂ ಬೆರಳು ನಿಲ್ಲಿಸಲಿಲ್ಲ.

ಹೊರಗೆ ಗಾರೆಯವನು ಬತ್ತಿಯನ್ನೇ ನೋಡುತ್ತ ನಿಂತಿದ್ದ. ಕೆಂಡ ಕಡ್ಡಿಗೆ ಬಂತು. ಅವನು ಗಾರೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡ. ಕಟ್ಟಿನಿಂದ ಇನ್ನೊಂದು ಬತ್ತಿ ತೆಗೆದ. ಆರುತ್ತಿದ್ದ ಕೆಂಡಕ್ಕೆ ಅದರ ತುದಿ ಮುಟ್ಟಿಸಿ ಊದಿದ.

"ಏಯ್, ಏನು ಮಾಡ್ತಿದ್ದೀಯ?" ಅಂದ ಬೀದಿಯಲ್ಲಿ ನಿಂತ ಒಬ್ಬ. "ನಿಯಮ ಇದೆ!"

"ಬತ್ತಿ ಆರೋದ್ರೊಳಗೆ ಅಂತಲ್ವಾ ನಿಯಮ?" ಅಂದ ಗಾರೆಯವನು. "ಬಂದು ನೋಡು. ಆರಿದೆಯಾ?"

"ನಿಲ್ಲಿಸು ಅಂದ್ರೆ..."

"ನೀನು ಸುಮ್ಮನಿರಯ್ಯ, ಅವನು ಊದ್ತಾ ಇದಾನೆ," ಅಂದಳು ಎದುರುಮನೆಯವಳು.

ಪರಿಮಳ ಮತ್ತೆ ಬಂತು. ಒಳಗೆ ಅವಳ ಬೆರಳು ಮುಂದಿನ ಸಾಲಿಗೆ ಹೋಯಿತು. ಗುಬ್ಬಿ. ಗೆಜ್ಜೆ. ದೋಣಿ. ಕೊನೆಯ ಸಾಲಿನ ಕೊನೆಯದಕ್ಕೆ ಎರಡು ಮೊದಲು ಆ ಗುರುತು ಸಿಕ್ಕಿತು. ಹೆಬ್ಬೆರಳಿನಿಂದ ಒತ್ತಿದಳು.

ಬಾಗಿಲು ಒಳಮುಖವಾಗಿ ತೆರೆಯಿತು. ಮುಂದೆ ಎದೆಯ ಮಟ್ಟಕ್ಕೆ ಇಟ್ಟಿಗೆ, ಅದರ ಮೇಲೆ ಗಾಳಿ, ಗಾಳಿಯಲ್ಲಿ ನಾಲ್ಕು ಕೈ. ಮುದ್ರೆಯವನು ಒಂದು ರಟ್ಟೆ ಹಿಡಿದ, ಗಾರೆಯವನು ಒಂದು ರಟ್ಟೆ ಹಿಡಿದ, ಎತ್ತಿ ಈಚೆ ಎಳೆದರು. ಎದುರುಮನೆಯವಳು ಅಳುತ್ತ, "ಇಷ್ಟು ಭಾರ ಇದೀರಲ್ಲ ಅವ್ವ, ನನ್ನ ಮುದ್ದೆ ಒಂದೂ ದಂಡವಾಗಿಲ್ಲ," ಅಂದಳು.

ಸೂಲಗಿತ್ತಿ ನಕ್ಕಳು. "ನಡೀರಿ, ಒಂದಿಷ್ಟು ನಡೆದು ಬರೋಣ, ಕಾಲು ಮರೆತೇ ಹೋಗಿದೆ," ಅಂದಳು.

ಮೊದಲಿನ ಹಾಗೇ ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ನಡೆದಳು. ಕೆಳಬೀದಿ ಮುಗಿಯಿತು, ನಡುಬೀದಿ ಬಂತು. ಸುಣ್ಣ ಹೊಡೆದ ಗೋಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನೋಡಲಿಕ್ಕೆ ಬಹಳ ಚಂದ, ಊರವರೆಲ್ಲ ಹಾಗೇ ಅನ್ನುತ್ತಿದ್ದರು. ಅವಳು ಗಕ್ಕನೆ ನಿಂತಳು.

"ಇದು ಯಾರ ಮನೆಯೋ?"

"ಮನೆ ಅಲ್ಲ ಅವ್ವ, ಗೋಡೆ," ಅಂದ ಮುದ್ರೆಯವನು.

ಅವಳ ಕೈ ಗೋಡೆಯ ಮೇಲೆ ಮೇಲಕ್ಕೆ ಹೋಯಿತು, ಅಡ್ಡ ಹೋಯಿತು, ಕೆಳಕ್ಕೆ ಇಳಿಯಿತು. ಗಾರೆಯ ಅಡಿಯಲ್ಲಿ ಚೌಕಟ್ಟಿನ ಏಣು ಕೂದಲೆಳೆಯಷ್ಟು ಎದ್ದಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಗಾರೆ ಇನ್ನೂ ತಣ್ಣಗೆ, ತೇವವಾಗಿತ್ತು. ಹೋದ ವಾರದ್ದೋ ಏನೋ. ನಾಲ್ಕು ಹೆಜ್ಜೆ ಮುಂದೆ ಹೋದಳು, ಅಲ್ಲೂ ಒಂದು ಚೌಕಟ್ಟು. ಇನ್ನು ಹತ್ತು ಹೆಜ್ಜೆ, ಇನ್ನೊಂದು.

ಹಿಂದೆ ಬರುತ್ತಿದ್ದ ಗಾರೆಯವನ ಹೆಜ್ಜೆ ಸದ್ದು ನಿಂತುಹೋಗಿತ್ತು.

"ಮಗ," ಅಂದಳು ತಿರುಗದೆ. "ಎಷ್ಟು?"

ಅವನು ಬೆರಳು ಮಡಚಿ ಎಣಿಸತೊಡಗಿದ, ಎರಡು ಕೈಯೂ ಸಾಲಲಿಲ್ಲ.

ಅವಳು ಮೊದಲನೆಯದಕ್ಕೆ ಹಿಂತಿರುಗಿ ಬಂದಳು. ಎಲ್ಲರಿಗೂ ಸುಮ್ಮನಿರಿ ಅಂತ ಕೈ ಮಾಡಿದಳು. ದಿನ ತುಂಬಿದ ಬಸುರಿಯ ಹೊಟ್ಟೆಗೆ ಕಿವಿ ಇಡುತ್ತಾರಲ್ಲ, ಹಾಗೆ ಆ ಬಿಳಿ ಗೋಡೆಗೆ ಕಿವಿ ಇಟ್ಟಳು. ಎರಡೂ ಅಂಗೈಗಳನ್ನು ಗಾರೆಯ ಮೇಲೆ ಒತ್ತಿಕೊಂಡು, ಉಸಿರು ಹಿಡಿದು, ಬಹಳ ಹೊತ್ತು ಹಾಗೇ ನಿಂತಳು.

ಆಮೇಲೆ ತಲೆಯೆತ್ತಿ ಹೇಳಿದಳು.

"ಇದ್ದಾರೆ."